ಕತ್ತರಿಗಿಂತ ಮೊದಲು ನೀರು: ಕುರಿಯ ಹೃದಯದಲ್ಲಿ ರಕ್ತದ ದಾರಿ ನೋಡುವ ಬಗೆ

ಪಠ್ಯಪುಸ್ತಕದ ಚಿತ್ರದಲ್ಲಿ ಹೃದಯದ ಬಲಭಾಗಕ್ಕೆ ನೀಲಿ, ಎಡಭಾಗಕ್ಕೆ ಕೆಂಪು ಬಳಿದು ಬಾಣದ ಗುರುತು ಹಾಕಿರುತ್ತಾರೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಆದರೆ ರಕ್ತ ಬಾಣದ ದಿಕ್ಕಿನಲ್ಲೇ ಏಕೆ ಹೋಗಬೇಕು, ಹಿಂದಕ್ಕೆ ಏಕೆ ಬರುವುದಿಲ್ಲ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಉತ್ತರ ಇರುವುದು ಕವಾಟಗಳಲ್ಲಿ, ಅಂದರೆ ಒಂದೇ ಕಡೆಗೆ ತೆರೆಯುವ ಬಾಗಿಲುಗಳಲ್ಲಿ. ಅವು ಕೆಲಸ ಮಾಡುವುದನ್ನು ಕಣ್ಣಾರೆ ನೋಡಲು ಒಂದು ಕುರಿಯ ಅಥವಾ ಮೇಕೆಯ ಹೃದಯ ಮತ್ತು ಒಂದು ಬಾಟಲಿ ನೀರು ಸಾಕು. ಮನುಷ್ಯನ ಹೃದಯದಂತೆ ಇದಕ್ಕೂ ನಾಲ್ಕು ಕೋಣೆ, ನಾಲ್ಕು ಕವಾಟ. ಗಾತ್ರ ಮಾತ್ರ ಚಿಕ್ಕದು. ಬಹಳ ಜನ ಹೃದಯ ಕೈಗೆ ಬಂದ ಕೂಡಲೇ ಸೀಳಿಬಿಡುತ್ತಾರೆ. ಸೀಳಿದ ಮೇಲೆ ಕವಾಟವೇನೋ ಕಾಣುತ್ತದೆ, ಅದರ ಕೆಲಸ ಕಾಣುವುದಿಲ್ಲ. ಹಾಗಾಗಿ ನೀರಿನ ಪರೀಕ್ಷೆ ಮುಗಿಯುವ ತನಕ ಕೆಳಗಿನ ಕೋಣೆಗಳಿಗೆ ಕತ್ತರಿ ತಾಗಿಸಬೇಡಿ.

ತರುವಾಗ

ಮಟನ್ ಅಂಗಡಿಯಲ್ಲಿ ಹಿಂದಿನ ದಿನವೇ ಹೇಳಿಡಿ: ಗುಂಡಿಗೆ ಇಡಿಯಾಗಿ ಬೇಕು, ಸೀಳಬಾರದು, ಮೇಲಿನ ನಳಿಗೆಗಳನ್ನು ಬುಡಕ್ಕೆ ಕೊಯ್ಯದೆ ಎರಡು ಇಂಚಾದರೂ ಉಳಿಸಬೇಕು. ಹೇಳದಿದ್ದರೆ ಒಳಗಿನ ರಕ್ತ ಹೋಗಲೆಂದು ಒಂದು ಗೀರು ಹಾಕಿಯೇ ಕೊಡುತ್ತಾರೆ, ಆಮೇಲೆ ನೀರು ನಿಲ್ಲುವುದಿಲ್ಲ. ಎರಡು ತಂದರೆ ಒಳ್ಳೆಯದು. ಒಂದು ಕೆಟ್ಟರೆ ಇನ್ನೊಂದಿರುತ್ತದೆ. ಅಂದೇ ಬಳಸಿ, ಇಲ್ಲವೆ ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಕೆಡದಂತೆ ಫಾರ್ಮಲಿನ್‌ನಲ್ಲಿಟ್ಟ ಹೃದಯ ಇದಕ್ಕೆ ಬಾರದು. ಕವಾಟದ ಎಸಳುಗಳು ಬಿರುಸಾಗಿ ಮಡಚದೆ ನಿಲ್ಲುತ್ತವೆ.

ಜೊತೆಗೆ ಬೇಕಾದವು: ಅಗಲವಾದ ತಟ್ಟೆ, ಕೈಗವಸು, ಒಂದು ತುದಿ ಮೊಂಡಾಗಿರುವ ಕತ್ತರಿ, ದಾರ, ಪೆನ್ಸಿಲ್, ತೆಂಗಿನ ಗರಿಯ ಕಡ್ಡಿ, ಟಾರ್ಚ್. ನಲ್ಲಿಯ ಕೆಳಗೆ ಹಿಡಿದು ಮೆಲ್ಲಗೆ ಹಿಸುಕುತ್ತಾ ತೊಳೆಯಿರಿ. ಕಪ್ಪಗೆ ಜೆಲ್ಲಿಯಂತೆ ಬರುವುದು ಹೆಪ್ಪುಗಟ್ಟಿದ ರಕ್ತ. ಇದು ಒಳಗೆ ಉಳಿದರೆ ಕವಾಟಕ್ಕೆ ಸಿಕ್ಕಿಕೊಳ್ಳುತ್ತದೆ, ಪರೀಕ್ಷೆ ಕೈಕೊಡುತ್ತದೆ. ನೋಡಲು ಮನಸ್ಸಿಲ್ಲದ ಮಕ್ಕಳನ್ನು ಒತ್ತಾಯಿಸಬೇಡಿ. ಕೊನೆಯಲ್ಲಿ ಹೇಳಿರುವ ತೋಳಿನ ಪ್ರಯೋಗ ಅವರಿಗಿರಲಿ.

ಎಡ ಯಾವುದು, ಬಲ ಯಾವುದು

ಹೃದಯದ ಎಡಬಲ ಎಂದರೆ ಆ ಪ್ರಾಣಿಯ ಎಡಬಲ, ನಮ್ಮದಲ್ಲ. ಎದುರಿಗಿಟ್ಟು ನೋಡಿದರೆ ಅದರ ಎಡಭಾಗ ನಮ್ಮ ಬಲಗೈ ಕಡೆ ಬರುತ್ತದೆ. ಮುಂಭಾಗದಲ್ಲಿ ಕೊಬ್ಬು ತುಂಬಿದ ಒಂದು ಗೆರೆ ಮೇಲಿನಿಂದ ಓರೆಯಾಗಿ ಇಳಿಯುತ್ತದೆ. ಅದರೊಳಗೆ ಹರಿಯುವುದೇ ಹೃದಯಕ್ಕೆ ರಕ್ತ ಕೊಡುವ ಕರೋನರಿ ನಾಳ. ಗೆರೆ ಗುರುತಾಗದಿದ್ದರೆ ಬೆರಳನ್ನು ನಂಬಿ. ಎರಡೂ ಬದಿಯನ್ನು ಹಿಚುಕಿ ನೋಡಿ: ಗಟ್ಟಿಯಾಗಿರುವುದು ಎಡ, ಮೆತ್ತಗೆ ತಗ್ಗುವುದು ಬಲ. ಚೂಪು ತುದಿಯೂ ಎಡ ಹೃತ್ಕುಕ್ಷಿಯದೇ (ಹೃತ್ಕುಕ್ಷಿ ಎಂದರೆ ಕೆಳಗಿನ ಕೋಣೆ, ಹೃತ್ಕರ್ಣ ಎಂದರೆ ಮೇಲಿನದು).

ಈಗ ಮೇಲಿನ ನಳಿಗೆಗಳು. ಗೋಡೆ ದಪ್ಪಗಿದ್ದು, ಬಿಟ್ಟರೂ ಬಾಯಿ ಮುಚ್ಚದೆ ದುಂಡಗೆ ನಿಲ್ಲುವುದು ಮಹಾಪಧಮನಿ, ಎಡಭಾಗದಿಂದ ಇಡೀ ಮೈಗೆ ರಕ್ತ ಒಯ್ಯುವ ನಾಳ. ಅದರ ಮುಂದೆಯೇ, ಸ್ವಲ್ಪ ತೆಳು ಗೋಡೆಯದು ಶ್ವಾಸಕೋಶದ ಅಪಧಮನಿ. ಸೊರಗಿ ಅಂಟಿಕೊಂಡಿರುವವು ಅಭಿಧಮನಿಗಳು. ಅವುಗಳಲ್ಲಿ ಮೈಯಿಂದ ಬಲ ಹೃತ್ಕರ್ಣಕ್ಕೆ ರಕ್ತ ತರುವ ಎರಡು ದೊಡ್ಡವು ಮಹಾಭಿಧಮನಿಗಳು. ಅನುಮಾನವಿದ್ದರೆ ಪೆನ್ಸಿಲ್ ಇಳಿಸಿ: ಮೇಲಿನ ಮಹಾಭಿಧಮನಿಯಲ್ಲಿ ಹಾಕಿದ್ದು ಬಲ ಹೃತ್ಕರ್ಣ ದಾಟಿ ಕೆಳಗಿನ ಮಹಾಭಿಧಮನಿಯಲ್ಲಿ ಹೊರಬರುತ್ತದೆ. ಒಂದು ಮಾತು ಇಲ್ಲೇ ಖಚಿತವಾಗಲಿ. ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ, ಒಳಗೆ ತರುವುದು ಅಭಿಧಮನಿ. ಒಳಗಿರುವ ರಕ್ತ ಆಮ್ಲಜನಕದ್ದೋ ಅಲ್ಲವೋ ಎಂಬುದರಿಂದ ಹೆಸರು ಬಂದಿಲ್ಲ. ಶ್ವಾಸಕೋಶದ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆಯಿರುವ ರಕ್ತ ಏಕೆ ಎಂದು ತಡವರಿಸುವವರ ಗೊಂದಲವೆಲ್ಲ ಇದೇ. ನೀಲಿ ಬಣ್ಣವೂ ಚಿತ್ರದ್ದು ಮಾತ್ರ. ಆಮ್ಲಜನಕ ಕಡಿಮೆಯಾದ ರಕ್ತ ಕಡುಗೆಂಪು.

ನೀರಿನ ಪರೀಕ್ಷೆ

ಮೊದಲನೆಯದು ಮಹಾಪಧಮನಿಗೆ. ಅದರಿಂದ ಪಕ್ಕಕ್ಕೆ ಹೊರಡುವ ಕವಲಿದ್ದರೆ ದಾರದಿಂದ ಬಿಗಿಯಾಗಿ ಕಟ್ಟಿ. ಹೃದಯವನ್ನು ನೆಟ್ಟಗೆ ಹಿಡಿದು ನಳಿಗೆಯ ಬಾಯಿಗೆ ನೀರು ಸುರಿಯಿರಿ. ನೀರು ಒಳಗಿಳಿಯದೆ ನಳಿಗೆಯಲ್ಲೇ ನಿಲ್ಲುತ್ತದೆ. ಮೇಲಿಂದ ಟಾರ್ಚ್ ಬಿಟ್ಟು ನೋಡಿ: ಮೂರು ಸಣ್ಣ ಜೇಬುಗಳು ನೀರು ತುಂಬಿ ಉಬ್ಬಿ, ಅಂಚಿಗೆ ಅಂಚು ತಾಗಿಸಿ ದಾರಿ ಮುಚ್ಚಿರುತ್ತವೆ. ಅವನ್ನು ಎಳೆಯುವ ಸ್ನಾಯುವಿಲ್ಲ, ದಾರವಿಲ್ಲ. ಹಿಂದಕ್ಕೆ ಬರಹೊರಟ ದ್ರವದ ಭಾರವೇ ಬಾಗಿಲು ಹಾಕುತ್ತದೆ.

ನೀರು ನಿಧಾನಕ್ಕೆ ಇಳಿದರೆ ಗಾಬರಿ ಬೇಡ. ಜೇಬುಗಳ ಹಿಂದೆ ಕರೋನರಿ ನಾಳಗಳ ಎರಡು ಸಣ್ಣ ಬಾಯಿಗಳಿವೆ, ಅಲ್ಲಿಂದ ಜಿನುಗುತ್ತದೆ. ಗಳಕ್ಕನೆ ಇಳಿದುಹೋದರೆ ಮೂರು ಕಾರಣ ಇರಬಹುದು: ಕವಲು ಸರಿಯಾಗಿ ಕಟ್ಟಿಲ್ಲ, ಹೆಪ್ಪು ಸಿಕ್ಕಿಕೊಂಡಿದೆ, ಅಥವಾ ಅಂಗಡಿಯ ಕತ್ತಿ ಕವಾಟಕ್ಕೆ ತಗುಲಿದೆ. ಮೊದಲ ಎರಡನ್ನು ಸರಿಪಡಿಸಬಹುದು. ಮೂರನೆಯದಕ್ಕೆ ಇನ್ನೊಂದು ಹೃದಯವೇ ಬೇಕು.

ಎರಡನೆಯದು ಬಲಭಾಗದ ಎರಡು ಕೋಣೆಗಳ ನಡುವಿನ ತ್ರಿದಳ ಕವಾಟಕ್ಕೆ. ಬಲ ಹೃತ್ಕರ್ಣದ ತೆಳು ಗೋಡೆಯನ್ನಷ್ಟೇ ಮಹಾಭಿಧಮನಿಯಿಂದ ಕತ್ತರಿಸಿ ತೆರೆಯಿರಿ. ಕೆಳಗೆ ಮೂರು ಬಿಳಿ ಎಸಳು ಜೋತಿರುತ್ತವೆ. ಶ್ವಾಸಕೋಶದ ಅಪಧಮನಿಯನ್ನು ಎರಡು ಬೆರಳಲ್ಲಿ ಬಿಗಿಹಿಡಿದು, ಎಸಳುಗಳ ನಡುವೆ ನೀರು ತುಂಬಿಸಿ, ಹೃತ್ಕುಕ್ಷಿಯನ್ನು ಹೊರಗಿನಿಂದ ಅಂಗೈಯಲ್ಲಿ ಮೆಲ್ಲಗೆ ಒತ್ತಿ. ಎಸಳುಗಳು ಗಾಳಿ ತುಂಬಿದ ಹಾಯಿಯಂತೆ ಮೇಲೆದ್ದು ಕೂಡಿಕೊಳ್ಳುತ್ತವೆ. ಇನ್ನೂ ಒತ್ತುತ್ತಿರುವಾಗಲೇ ಅಪಧಮನಿಯ ಬೆರಳು ಸಡಿಲಿಸಿ. ನೀರು ಅಲ್ಲಿಂದ ಚಿಮ್ಮುತ್ತದೆ. ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆಯುವ ಈ ಗಳಿಗೆಯನ್ನು ಎರಡು ಮೂರು ಸಲ ತೋರಿಸಿ. ಇಡೀ ಪಾಠದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಸ್ಟೆತಾಸ್ಕೋಪಿನಲ್ಲಿ ಕೇಳುವ ಲಬ್ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಕವಾಟಗಳು ಮುಚ್ಚುವಾಗಿನದು. ಡಬ್ ಅಪಧಮನಿಗಳ ಬಾಯಿಯ ಕವಾಟಗಳು ಮುಚ್ಚುವಾಗಿನದು.

ಈಗ ಕತ್ತರಿ

ತೆರೆದ ಹೃತ್ಕರ್ಣದಿಂದ ಕತ್ತರಿಯ ಮೊಂಡು ತುದಿ ಒಳಗಿಟ್ಟು ಬಲ ಹೃತ್ಕುಕ್ಷಿಯ ಹೊರಗೋಡೆಯನ್ನು ಕೆಳಗಿನ ತನಕ ಸೀಳಿ. ಎಡಭಾಗವನ್ನೂ ಹೃತ್ಕರ್ಣದಿಂದ ತುದಿಯವರೆಗೆ ಹಾಗೆಯೇ ತೆರೆಯಿರಿ. ಚೂಪು ತುದಿ ಒಳಗಿದ್ದರೆ ಎಸಳಿನ ಅಂಚಿನಿಂದ ಇಳಿಯುವ ಬಿಳಿ ನಾರುಗಳು ಕತ್ತರಿಸಿಹೋಗುತ್ತವೆ. ಹೊಲಿಗೆ ದಾರದಷ್ಟು ಸಣ್ಣವು, ಎಳೆದರೆ ಸುಲಭಕ್ಕೆ ಹರಿಯುವುದಿಲ್ಲ. ಇವು ಕವಾಟವನ್ನು ಎಳೆದು ತೆರೆಯುತ್ತವೆ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಒತ್ತಡಕ್ಕೆ ಎಸಳು ಕೊಡೆಯಂತೆ ಮೇಲಕ್ಕೆ ಮಗುಚಿಕೊಳ್ಳದಂತೆ ಹಿಡಿದಿಡುವುದಷ್ಟೇ ಅವುಗಳ ಕೆಲಸ.

ಎರಡೂ ಗೋಡೆ ಅಕ್ಕಪಕ್ಕ ಇಟ್ಟು ಅಳೆಯಿರಿ. ಎಡದ್ದು ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ಒಂದು ಬಡಿತಕ್ಕೆ ಎರಡೂ ಕಳಿಸುವ ರಕ್ತ ಒಂದೇ ಅಳತೆ. ಒತ್ತಡ ಮಾತ್ರ ಬೇರೆ. ಮನುಷ್ಯನಲ್ಲಿ ಎಡಭಾಗ ಸುಮಾರು 120 ಮಿಲಿಮೀಟರ್ ಪಾದರಸದ ಒತ್ತಡ ಎಬ್ಬಿಸಬೇಕು. ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ತಳ್ಳುವ ಬಲಭಾಗಕ್ಕೆ 25ರ ಆಸುಪಾಸು ಸಾಕು. ಕೊನೆಗೆ ಮಹಾಪಧಮನಿಯ ಜೇಬಿನ ಹಿಂದಿನ ಸಣ್ಣ ಬಾಯಿಗೆ ಗರಿಕಡ್ಡಿ ತೂರಿಸಿ, ಅದು ಹೊರಗಿನ ಕೊಬ್ಬಿನ ಗೆರೆಯ ಕಡೆ ಹೋಗುವುದನ್ನು ನೋಡಿ. ಹೃದಯಾಘಾತದಲ್ಲಿ ಕಟ್ಟಿಕೊಳ್ಳುವುದು ಈ ಕಡ್ಡಿಯಗಲದ ದಾರಿ. ಮುಗಿದ ಮೇಲೆ ತುಂಡುಗಳನ್ನು ನಾಯಿಗೆ ಸಿಗದಂತೆ ಆಳವಾಗಿ ಹೂಳಿ, ಕೈ ಮತ್ತು ಪಾತ್ರೆಗಳನ್ನು ಸೋಪು ಹಾಕಿ ತೊಳೆಯಿರಿ.

ಮರಳಿ ಬರುವ ದಾರಿ, ತೋಳಿನಲ್ಲಿ

ವಯಸ್ಕರ ಹೃದಯ ವಿಶ್ರಾಂತಿಯಲ್ಲಿ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ಹೊರಹಾಕುತ್ತದೆ. ನಿಮಿಷಕ್ಕೆ 72 ಬಡಿತವೆಂದರೆ 5 ಲೀಟರ್. ಮೈಯಲ್ಲಿರುವ ಒಟ್ಟು ರಕ್ತವೂ ಹೆಚ್ಚುಕಡಿಮೆ ಅಷ್ಟೇ. ಪ್ರತಿ ನಿಮಿಷ ಹೊಸದಾಗಿ ಅಷ್ಟು ರಕ್ತ ಹುಟ್ಟಲಾರದು, ಹೋದದ್ದೇ ಮರಳಬೇಕು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಇಂಥದೇ ಲೆಕ್ಕ ಹಾಕಿದ, ತೋಳಿಗೆ ಪಟ್ಟಿ ಕಟ್ಟಿ ತೋರಿಸಿದ. ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸುವ ಲೋಮನಾಳ ಅವನ ಕಣ್ಣಿಗೆ ಬೀಳಲಿಲ್ಲ. ಅದನ್ನು 1661ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಕಂಡವನು ಇಟಲಿಯ ವಿಜ್ಞಾನಿ ಮಾಲ್ಪಿಘಿ.

ನರ ಎದ್ದು ಕಾಣುವ ಕೈಯವರನ್ನು ಆರಿಸಿಕೊಳ್ಳಿ (ಜನ ನರ ಎನ್ನುವುದು ಇಲ್ಲಿ ಅಭಿಧಮನಿಯನ್ನೇ). ಡಯಾಲಿಸಿಸ್‌ಗೆ ನಾಳ ಜೋಡಿಸಿರುವ ಕೈ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರ ಕೈ ಬೇಡ. ಮೊಣಕೈಗಿಂತ ಸ್ವಲ್ಪ ಮೇಲೆ ತೋಳಿಗೆ ಬಟ್ಟೆ ಕಟ್ಟಿ. ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಲೇ ಇರಬೇಕು. ಸಿಗದಿದ್ದರೆ ಅಪಧಮನಿಯೂ ಕಟ್ಟಿದೆ ಎಂದರ್ಥ, ಸಡಿಲಿಸಿ. ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಡಬೇಡಿ. ಆಳದ ಅಪಧಮನಿಯಲ್ಲಿ ರಕ್ತ ಬರುತ್ತಿದೆ, ಚರ್ಮದಡಿಯ ಅಭಿಧಮನಿಯಲ್ಲಿ ಮರಳಲಾಗುತ್ತಿಲ್ಲ. ಹಾಗಾಗಿ ಕಟ್ಟಿನ ಕೆಳಗೆ ನರ ಉಬ್ಬುತ್ತದೆ. ಅಲ್ಲಲ್ಲಿ ಗಂಟಿನಂತೆ ಕಾಣುವವೇ ಕವಾಟಗಳು. ಉಬ್ಬಿದ ನರವನ್ನು ಮಣಿಕಟ್ಟಿನ ಕಡೆ ಒಂದು ಬೆರಳಲ್ಲಿ ಒತ್ತಿಹಿಡಿಯಿರಿ. ಇನ್ನೊಂದು ಬೆರಳಿಂದ ಮೊಣಕೈ ಕಡೆಗೆ, ಒಂದು ಗಂಟು ದಾಟುವ ತನಕ ನೀವಿ, ಆ ಬೆರಳನ್ನು ತೆಗೆಯಿರಿ. ಗಂಟಿನ ಮೇಲೆ ನರ ತುಂಬಿಯೇ ಇರುತ್ತದೆ, ಗಂಟಿನ ಕೆಳಗೆ ಖಾಲಿ. ಮೇಲಿನ ರಕ್ತ ಹಿಂದಕ್ಕೆ ಇಳಿಯುವುದಿಲ್ಲ. ಈಗ ಒತ್ತಿಹಿಡಿದ ಬೆರಳನ್ನೂ ಎತ್ತಿ. ಖಾಲಿಯಿದ್ದ ನರ ಮಣಿಕಟ್ಟಿನ ಕಡೆಯಿಂದ ತಟ್ಟನೆ ತುಂಬಿಕೊಳ್ಳುತ್ತದೆ.