ಖಾಲಿ ದಿನವನ್ನು ಮೊದಲು ಬರೆದೆವು

ದಕ್ಷಿಣ ಆಸ್ಟ್ರೇಲಿಯಾದ ಊಡ್ನಡಾಟ ಟ್ರ್ಯಾಕ್ ಎಂಬ ಮಣ್ಣುದಾರಿಯ ಪ್ರವಾಸಕ್ಕೆಂದು ಕಾಗದ ಹಿಡಿದು ಕುಳಿತಾಗ ನಾನು ಮೊದಲು ಬರೆದುದು ಗಾಡಿ ಓಡಿಸದ ಖಾಲಿ ದಿನಗಳನ್ನು. ಮರ್ರೀಯಲ್ಲೊಂದು, ವಿಲಿಯಮ್ ಕ್ರೀಕ್‌ನಲ್ಲೊಂದು, ಊಡ್ನಡಾಟದಲ್ಲೊಂದು. ದೂರ, ಡೀಸೆಲ್, ಕೋಣೆ, ಊಟ ಎಲ್ಲವೂ ಆಮೇಲೆ.

ಹುಬ್ಬಳ್ಳಿಯಿಂದ ಅಪ್ಪ ಅಮ್ಮ ಅಡಿಲೇಡ್‌ಗೆ ಬಂದಿದ್ದರು. ಇಬ್ಬರಿಗೂ ಎಪ್ಪತ್ತು ದಾಟಿದೆ. ಇಡೀ ದಿನ ಕಾರಿನಲ್ಲಿ ಕೂರಿಸಿ ರಾತ್ರಿ ಎಲ್ಲೋ ಇಳಿಸುವ ಪ್ರವಾಸ ನನಗೆ ಬೇಕಿರಲಿಲ್ಲ. ಆದರೆ ಖಾಲಿ ದಿನ ಇಟ್ಟದ್ದು ಅವರ ವಯಸ್ಸಿಗಾಗಿ ಮಾತ್ರವಲ್ಲ. ಮರ್ರೀಯಿಂದ ಮಾರ್ಲದವರೆಗೆ ಸುಮಾರು 620 ಕಿಲೋಮೀಟರ್ ಉದ್ದದ ಈ ದಾರಿಗೆ ಡಾಂಬರಿಲ್ಲ. ಒಂದು ಒಳ್ಳೆಯ ಮಳೆ ಬಿದ್ದರೆ ಮಣ್ಣು ಅಂಟಾಗಿ ದಾರಿಯನ್ನೇ ಮುಚ್ಚುತ್ತಾರೆ. ಮುಚ್ಚಿದ ದಾರಿಯಲ್ಲಿ ಗಾಡಿ ಇಳಿಸಿದರೆ ದಂಡ. ಅಷ್ಟೇ ಅಲ್ಲ, ಒದ್ದೆ ಮಣ್ಣಿನಲ್ಲಿ ಒಂದು ಗಾಡಿ ಕೊರೆದ ಗಾಲಿಗುಂಡಿ ಒಣಗಿ ಕಲ್ಲಾದ ಮೇಲೆ ಹಿಂದೆ ಬರುವ ಎಲ್ಲರಿಗೂ ಕಾಟ. ಕೈಯಲ್ಲಿ ಬಿಡುವಿನ ದಿನವಿಲ್ಲದವರು ಇಂಥ ಹೊತ್ತಿನಲ್ಲಿ ಹಟಕ್ಕೆ ಬೀಳುತ್ತಾರೆ. ನಮಗೆ ಮರ್ರೀಯಲ್ಲಿ ಮಳೆ ಸಿಕ್ಕಿತು, ನಾವು ಅಲ್ಲೇ ಉಳಿದೆವು, ಲೆಕ್ಕ ಎಲ್ಲಿಯೂ ತಪ್ಪಲಿಲ್ಲ.

ದಿನಕ್ಕೆ 250 ಕಿಲೋಮೀಟರ್‌ಗಿಂತ ಹೆಚ್ಚು ಓಡಿಸಬಾರದು, ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ಊರು ಸೇರಬೇಕು ಎಂದು ನಿಯಮ ಮಾಡಿಕೊಂಡೆ. ಮುಸ್ಸಂಜೆಯಲ್ಲಿ ಕಾಂಗರೂಗಳು ಎಲ್ಲಿಂದ ನೆಗೆಯುತ್ತವೆ ಎಂದು ಹೇಳಲಾಗದು, ದನಗಳಿಗೂ ಬೇಲಿಯಿಲ್ಲ. ಆ ದಾರಿಯ ಊರುಗಳೂ ಈ ನಿಯಮಕ್ಕೆ ಹೇಳಿಮಾಡಿಸಿದಂತಿವೆ. ಮರ್ರೀಯಿಂದ ವಿಲಿಯಮ್ ಕ್ರೀಕ್‌ಗೆ 200 ಕಿಲೋಮೀಟರ್ ಚಿಲ್ಲರೆ, ಅಲ್ಲಿಂದ ಊಡ್ನಡಾಟಕ್ಕೆ ಮತ್ತೆ ಸುಮಾರು ಅಷ್ಟೇ, ಊಡ್ನಡಾಟದಿಂದ ಮಾರ್ಲಕ್ಕೂ ಹೆಚ್ಚುಕಡಿಮೆ ಅಷ್ಟೇ.

ಈ ದಾರಿ ಇಲ್ಲೇ ಏಕೆ ಹಾದುಹೋಗುತ್ತದೆ ಎಂಬುದನ್ನು ಮನೆಯಲ್ಲೇ ಓದಿಕೊಂಡು ಹೋದದ್ದು ನಮಗೆ ತುಂಬಾ ಉಪಯೋಗವಾಯಿತು. ಇದು ನೀರಿನ ಸಾಲು. ಖಂಡದ ಐದನೆಯ ಒಂದು ಭಾಗಕ್ಕೂ ಹೆಚ್ಚು ನೆಲದ ಅಡಿಯಲ್ಲಿ ಹರಡಿರುವ ಗ್ರೇಟ್ ಆರ್ಟೀಸಿಯನ್ ಬೇಸಿನ್ ಎಂಬ ಅಂತರ್ಜಲದ ಭಂಡಾರ ಅಂಚಿನಲ್ಲಿ ಅಲ್ಲಲ್ಲಿ ಬುಗ್ಗೆಯಾಗಿ ಉಕ್ಕುತ್ತದೆ. ಮೂಲನಿವಾಸಿಗಳು ಸಾವಿರಾರು ವರ್ಷ ಬುಗ್ಗೆಯಿಂದ ಬುಗ್ಗೆಗೆ ನಡೆದರು. 1859ರ ಹೊತ್ತಿಗೆ ಅನ್ವೇಷಕ ಜಾನ್ ಮೆಕ್‌ಡುವಲ್ ಸ್ಟೂವರ್ಟ್ ಅದೇ ಬುಗ್ಗೆಗಳನ್ನು ಹಿಡಿದು ಉತ್ತರಕ್ಕೆ ಹೋದ. 1872ರಲ್ಲಿ ಪೂರ್ಣಗೊಂಡ ತಂತಿ ಮಾರ್ಗ ಅವನ ಜಾಡಿನಲ್ಲಿ ಬಂತು, ಉಗಿಬಂಡಿಗೆ ನೀರು ಬೇಕಾದ್ದರಿಂದ ರೈಲು ಅದರ ಬೆನ್ನಿಗೆ ಬಂತು. 1980ರಲ್ಲಿ ಪಶ್ಚಿಮಕ್ಕೆ ಹೊಸ ರೈಲುಮಾರ್ಗ ತೆರೆದು ಹಳೆಯದನ್ನು ಮುಚ್ಚಿದಾಗ ಈ ಊರುಗಳು ಸೊರಗಿದವು. ಇಷ್ಟು ಗೊತ್ತಿದ್ದರೆ ಪಾಳುಬಿದ್ದ ಒಂದೊಂದು ನಿಲ್ದಾಣದಲ್ಲಿಯೂ ಇಳಿಯಲು ಕಾರಣ ಸಿಗುತ್ತದೆ.

ಅಪ್ಪ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಮೀಟರ್ ಗೇಜ್ ಕಾಲದವರು. ಮರ್ರೀಯಲ್ಲಿ ತುಕ್ಕು ಹಿಡಿದು ನಿಂತ ಹಳೆಯ ಎಂಜಿನ್ನುಗಳ ಸುತ್ತ ಮಳೆ ನಿಂತ ಮಧ್ಯಾಹ್ನವೆಲ್ಲ ಸುತ್ತಿದರು. 1957ರಿಂದ ಮರ್ರೀಯವರೆಗೆ ಸ್ಟ್ಯಾಂಡರ್ಡ್ ಗೇಜ್ ಹಳಿ, ಅಲ್ಲಿಂದ ಆಲಿಸ್ ಸ್ಪ್ರಿಂಗ್ಸ್‌ಗೆ ಅದಕ್ಕಿಂತ ಕಿರಿದಾದ ಹಳಿ, ಜನರೂ ಸರಕೂ ಇಲ್ಲಿ ಗಾಡಿ ಬದಲಿಸಬೇಕಿತ್ತು ಎಂದು ನಾನು ಹೇಳಿದಾಗ, "ನಮ್ಮ ಗುಂತಕಲ್ಲಿನ ಹಾಗೆ" ಎಂದರು. ಮುಂದೆ ಕರ್ಡಿಮರ್ಕ ಎಂಬ ನಿಲ್ದಾಣದಲ್ಲಿ ಹಳಿಯ ತುಂಡನ್ನು ಹಾಗೆಯೇ ಉಳಿಸಿದ್ದಾರೆ. ಅಪ್ಪ ಬಗ್ಗಿ ಎರಡು ಕಂಬಿಗಳ ನಡುವೆ ಗೇಣು ಹಾಕಿದರು. ಮೀಟರ್ ಗೇಜಿಗಿಂತ ಒಂದಿಷ್ಟು ಹೆಚ್ಚಿದೆ ಎಂದರು. ಅದು ಸರಿ, ಈ ಹಳಿ 1,067 ಮಿಲಿಮೀಟರ್. ಸ್ಲೀಪರ್‌ಗೆ ಕಂಬಿಯನ್ನು ಕಚ್ಚಿಸಿದ ಮೊಳೆಯೊಂದನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದರು. ಅದು ಇನ್ನೂ ಬಿಗಿಯಾಗಿತ್ತು. ಆ ದಿನ ಸುಮ್ಮನೆ ಹಾದುಹೋಗಿದ್ದರೆ ಅಪ್ಪನಿಗೆ ಈ ಪ್ರವಾಸದಲ್ಲಿ ಏನೂ ಸಿಗುತ್ತಿರಲಿಲ್ಲ ಎಂದು ನನಗೆ ಅನ್ನಿಸಿದೆ.

ಮರ್ರೀಯಲ್ಲಿ ಇನ್ನೊಂದು ನಂಟೂ ಇದೆ. 1866ರಲ್ಲಿ ಥಾಮಸ್ ಎಲ್ಡರ್ ಎಂಬ ಉದ್ಯಮಿ ಆಗಿನ ಬ್ರಿಟಿಷ್ ಇಂಡಿಯಾದ ಕರಾಚಿಯಿಂದ ನೂರಕ್ಕೂ ಹೆಚ್ಚು ಒಂಟೆಗಳನ್ನು ಹಡಗಿನಲ್ಲಿ ತರಿಸಿದ. ಅವುಗಳೊಂದಿಗೂ ಆಮೇಲೂ ಬಂದ ಒಂಟೆಯಾಳುಗಳನ್ನು ಇಲ್ಲಿ 'ಅಫ್ಘಾನ'ರೆಂದೇ ಕರೆದರು. ಬಲೂಚಿಸ್ತಾನ, ಪಂಜಾಬ್, ಸಿಂಧ್‌ನವರೂ ಅವರಲ್ಲಿದ್ದರು. ರೈಲು ಮುಟ್ಟದ ಕಡೆಗೆಲ್ಲ ಹಿಟ್ಟು, ತಂತಿ, ಉಣ್ಣೆ ಹೊತ್ತವರು ಇವರು. ಅವರು ನೆಟ್ಟ ಖರ್ಜೂರದ ಮರಗಳೂ ಅವರ ಮಸೀದಿಯ ಪ್ರತಿಕೃತಿಯೂ ಊರಿನಲ್ಲಿವೆ. ಅಮ್ಮ ಖರ್ಜೂರದ ಮರದ ಕೆಳಗೆ ಬಹಳ ಹೊತ್ತು ಕುಳಿತಿದ್ದರು.

ಮರ್ರೀ ದಾಟಿದ ಮೇಲೆ ಬುಗ್ಗೆಗಳು. ವಾಬ್ಮ ಕಡಾರ್ಬು ಸಂರಕ್ಷಿತ ಪ್ರದೇಶದಲ್ಲಿರುವ ಬಬ್ಲರ್ ಎಂಬ ಬುಗ್ಗೆಯ ಹತ್ತಿರ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ಸುತ್ತ ಬೋಳು ನೆಲ, ನಡುವೆ ಒಂದು ಸಣ್ಣ ಕೊಳ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ತಳದ ಬೂದು ಮರಳು ನಿಧಾನವಾಗಿ ಉಬ್ಬುತ್ತದೆ, ಗುಳ್ಳೆ ಮೇಲೇರಿ ಒಡೆಯುತ್ತದೆ, ಮರಳು ಸುರುಳಿಸುತ್ತಿ ಮತ್ತೆ ತಳಕ್ಕಿಳಿಯುತ್ತದೆ, ಒಲೆಯ ಮೇಲಿನ ಅಂಬಲಿ ಕುದಿಯುವ ಹಾಗೆ. ಒಂದು ಉಬ್ಬಿಗೂ ಇನ್ನೊಂದಕ್ಕೂ ನಡುವೆ ಕಾಯಬೇಕು. ಕಾರಿನಿಂದ ಇಳಿದು ಫೋಟೋ ತೆಗೆದು ಹತ್ತುವವರಿಗೆ ಇದು ದಕ್ಕುವುದಿಲ್ಲ. ಕಟಿ ತಂಡ–ಲೇಕ್ ಏರ್ ಸರೋವರವೂ ಹಾಗೆಯೇ. ಸಮುದ್ರ ಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿರುವ ಆ ಉಪ್ಪಿನ ಬಯಲು ಅಲ್ಲಿನ ಮೂಲನಿವಾಸಿಗಳಾದ ಅರಬಾನ ಜನರಿಗೆ ಪವಿತ್ರ. ನಾವು ದಡದಿಂದಲೇ ನೋಡಿದೆವು, ತಳಕ್ಕೆ ಇಳಿಯಲಿಲ್ಲ. ಹೋಗುವವರೆಲ್ಲ ಹಾಗೆಯೇ ನಡೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಇನ್ನು ತಯಾರಿಯ ಮಾತು. ಜುಲೈಯಲ್ಲಿ ಹೋದೆವು. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಸರಿಯಾದ ಕಾಲ. ಊಡ್ನಡಾಟದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ಉಷ್ಣಾಂಶ ದಾಖಲಾಗಿದೆ, ಬೇಸಿಗೆಯಲ್ಲಿ ಹಿರಿಯರನ್ನು ಕರೆದುಕೊಂಡು ಹೋಗುವ ಜಾಗ ಅಲ್ಲ. ಚಳಿಗಾಲದ ರಾತ್ರಿ ಮಾತ್ರ ಸೊನ್ನೆಯ ಹತ್ತಿರ ಇಳಿಯುತ್ತದೆ, ಕಂಬಳಿ ಬೇಕೇ ಬೇಕು. ಬಾಡಿಗೆ ಗಾಡಿಯಾದರೆ ಕಚ್ಚಾ ದಾರಿಗೆ ವಿಮೆ ಇದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಬಹಳಷ್ಟು ಒಪ್ಪಂದಗಳಲ್ಲಿ ಇರುವುದಿಲ್ಲ. ಎರಡು ಬಿಡಿ ಗಾಲಿ, ತಲೆಗೆ ದಿನಕ್ಕೆ ಹತ್ತು ಲೀಟರ್‌ನಂತೆ ನೀರು, ಉಪಗ್ರಹಕ್ಕೆ ಸಂಕೇತ ಕಳಿಸುವ ತುರ್ತು ಬೀಕನ್, ಅಪ್ಪ ಅಮ್ಮನ ಮಾತ್ರೆ ಎರಡು ಪಟ್ಟು. ಊರು ಬಿಟ್ಟರೆ ಮೊಬೈಲ್ ಕೆಲಸ ಮಾಡುವುದಿಲ್ಲ ಎಂದೇ ಎಣಿಸಿ ಹೊರಡಬೇಕು. ಗಾಡಿ ಕೆಟ್ಟರೆ ಅದರ ಪಕ್ಕದಲ್ಲೇ ಇರಬೇಕು, ಸಹಾಯ ಹುಡುಕಿಕೊಂಡು ನಡೆಯಬಾರದು. ಇದನ್ನು ಹೊರಡುವ ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದೆ.

ಡಾಂಬರು ಮುಗಿದಲ್ಲಿ ಇಳಿದು ಗಾಲಿಯ ಗಾಳಿಯ ಒತ್ತಡವನ್ನು 38 ಪಿಎಸ್‌ಐಯಿಂದ 28ಕ್ಕೆ ಇಳಿಸಿದೆ. ಗಾಲಿ ನೆಲಕ್ಕೆ ಕೊಂಚ ಅಗಲವಾಗಿ ಕೂತಿತು, ಅಲೆಅಲೆಯಾದ ದಾರಿಯ ಅದಿರಾಟ ಅರ್ಧಕ್ಕರ್ಧ ಇಳಿದು ಅಮ್ಮನ ಸೊಂಟಕ್ಕೆ ಆರಾಮವಾಯಿತು. ಗಾಳಿ ಇಳಿಸಿದ ಮೇಲೆ ವೇಗವೂ ಇಳಿಯಬೇಕು, ನಾನು 70 ದಾಟಲಿಲ್ಲ. ಎದುರಿಗೆ ಲಾರಿ ಬಂದರೆ ಪೂರ್ತಿ ಬದಿಗೆ ಸರಿದು ನಿಂತು ಧೂಳು ಇಳಿಯುವವರೆಗೆ ಕಾಯುತ್ತಿದ್ದೆ.

ಊಟಕ್ಕೆ ಅಕ್ಕಿ, ಬೇಳೆ, ಅವಲಕ್ಕಿ, ಅಮ್ಮನ ಶೇಂಗಾ ಚಟ್ನಿಪುಡಿ, ಒಂದು ಗ್ಯಾಸ್ ಒಲೆ ಇತ್ತು. ಆದರೂ ಪ್ರತಿ ಊರಿನಲ್ಲಿಯೂ ಒಂದು ಹೊತ್ತು ಅಲ್ಲಿನ ಹೋಟೆಲ್‌ನಲ್ಲೇ ಉಂಡೆವು. ಮೊದಲೇ ಫೋನ್ ಮಾಡಿ ಸಸ್ಯಾಹಾರ ಎಂದರೆ ಸಂತೋಷದಿಂದ ಮಾಡಿಕೊಡುತ್ತಾರೆ. ಅಡುಗೆಮನೆ ರಾತ್ರಿ ಬೇಗ ಮುಚ್ಚುತ್ತದೆ, ತಡವಾಗಿ ಹೋದರೆ ಏನೂ ಇಲ್ಲ. ಡೀಸೆಲ್ ದುಬಾರಿ, ಆದರೂ ಟ್ಯಾಂಕ್ ಅರ್ಧ ತುಂಬಿದ್ದಾಗಲೂ ಪ್ರತಿ ಊರಿನಲ್ಲಿ ಹಾಕಿಸಿದೆ. ವಿಲಿಯಮ್ ಕ್ರೀಕ್‌ನಲ್ಲಿ ನೆಲೆಸಿರುವವರು ಬೆರಳೆಣಿಕೆಯಷ್ಟು ಜನ. ಅವರ ಪಂಪ್ ಮುಚ್ಚಿದರೆ ನಡುವೆ 400 ಕಿಲೋಮೀಟರ್ ಬಟಾಬಯಲು. ಅಗ್ಗದ ಡೀಸೆಲ್ ಅನ್ನು ಡಬ್ಬಗಳಲ್ಲಿ ಹೊತ್ತುಕೊಂಡು ಹೋಗಿ ಅವರ ಶೌಚಾಲಯ, ನೆರಳು ಮಾತ್ರ ಬಳಸಿ ಬರುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಊಡ್ನಡಾಟಕ್ಕೆ ಮೊದಲು ಸಿಗುವ ಆಲ್ಜಿಬಕಿನ ಎಂಬ ಹಳೆಯ ರೈಲು ಸೇತುವೆಗೆ ಅರ್ಧ ದಿನ ಮೀಸಲಿಡಿ. 1892ರದ್ದು, 578 ಮೀಟರ್ ಉದ್ದ, ಹತ್ತೊಂಬತ್ತು ಅಂಕಣ. ನಾವು ಹೋದಾಗ ಕೆಳಗೆ ನೀಲ್ಸ್ ನದಿಯ ಮಡುವಿನಲ್ಲಿ ನೀರಿತ್ತು, ದಡದಲ್ಲಿ ಒಲೆ ಹೂಡಿ ಅನ್ನ ಸಾರು ಮಾಡಿದೆವು. ಅಪ್ಪ ಊಟ ಮುಗಿಸಿ ಅಂಕಣಗಳನ್ನು ಎಣಿಸುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ಕೆಳಗಿನಿಂದಲೇ ನಡೆದು ಹೋದರು. ಮಾರ್ಲದಲ್ಲಿ ಡಾಂಬರು ಸಿಕ್ಕಿತು, ಗಾಲಿಗೆ ಮತ್ತೆ ಗಾಳಿ ತುಂಬಿದೆ. ಅಲ್ಲಿಂದ ಸ್ಟೂವರ್ಟ್ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ತಿರುಗಿ ಓಪಲ್ ಗಣಿಗಳ ಊರಾದ ಕೂಬರ್ ಪೀಡಿಯ ನೆಲದಡಿಯ ಕೋಣೆಯಲ್ಲಿ ತಂಗಿದೆವು. ಚಳಿಗಾಲದ ರಜೆಯಲ್ಲಿ ಆ ಕೋಣೆಗಳನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು.