ಕಲ್ಲಿನದಲ್ಲ, ತಿಪ್ಪೆಯದು: ನಮ್ಮ ಬೋರಿನ ನೈಟ್ರೇಟ್ ಇಳಿಸಿದ್ದು ಹೀಗೆ

ಈ ಸಲದ ರಿಪೋರ್ಟಿನಲ್ಲಿ ನಮ್ಮ ಮನೆ ಬೋರಿನ ನೈಟ್ರೇಟ್ (ಸಾರಜನಕದ ಉಪ್ಪು, ನೀರಿನಲ್ಲಿ ಹೆಚ್ಚಾದರೆ ಎಳೆ ಮಗುವಿಗೆ ಅಪಾಯ) ಲೀಟರಿಗೆ 40 ಮಿಲಿಗ್ರಾಂ ಒಳಗೆ ಬಂದಿದೆ. ಮೂರು ವರ್ಷದ ಹಿಂದೆ 105ರ ಹತ್ತಿರ ಇತ್ತು. "ನೈಟ್ರೇಟ್ ಬರೋದು ನೆಲದ ಕಲ್ಲಿಂದ, ಕಲ್ಲೇ ಹಂಗೈತೆ, ನೀನೇನ್ ಮಾಡ್ತೀಯ" ಎಂದವರ ಮನೆಗೆಲ್ಲ ಹೋಗಿ ರಿಪೋರ್ಟ್ ತೋರಿಸಿ ಬಂದೆ.

ನಮ್ಮದು ಕಡೂರು ತಾಲ್ಲೂಕಿನ ಒಣ ಸೀಮೆ. ಎರಡಡಿ ಅಗೆದರೆ ಸುಣ್ಣದ ಹರಳು. ಶುರುವಿನಲ್ಲೇ ಒಂದು ವರ್ಷ ದಂಡವಾಯಿತು. ಲ್ಯಾಬಿನವರು 24 ಎಂದು ಬರೆದಿದ್ದರು. ಕುಡಿಯೋ ನೀರಿಗೆ ಮಿತಿ 45 ತಾನೇ ಎಂದು ಸುಮ್ಮನಿದ್ದೆ. ಅವರದು ಬರೀ ಸಾರಜನಕದ ಲೆಕ್ಕ, 45 ನೈಟ್ರೇಟಿನ ಲೆಕ್ಕ. 4.43ರಿಂದ ಗುಣಿಸಿದಾಗ 106 ಬಂತು, ಎದೆ ಧಸಕ್ ಎಂದಿತು. ಆಗ ಅಣ್ಣನ ಮಗುವಿಗೆ ನಾಲ್ಕು ತಿಂಗಳು. ಅದೇ ನೀರಿನಲ್ಲಿ ಪುಡಿ ಹಾಲು. ಅತ್ತಿಗೆ ಪಾಪ, ಚೆನ್ನಾಗಿ ಕುದಿಸುತ್ತಿದ್ದರು. ಕುದಿಸಿದಷ್ಟೂ ನೀರು ಆವಿಯಾಗಿ ನೈಟ್ರೇಟಿನ ಪ್ರಮಾಣ ಜಾಸ್ತಿಯಾಗುತ್ತದೆ ಅಲ್ವಾ! ಅವತ್ತೇ ಮಗುವಿಗೆ ಕ್ಯಾನ್ ನೀರು ತರಿಸಿದೆ.

ಆಮೇಲೆ 20 ಸಾವಿರ ಕೊಟ್ಟು ಸಾಫ್ಟ್‌ನರ್ (ಗಡಸು ನೀರನ್ನು ಮೆದು ಮಾಡೋ ಯಂತ್ರ) ಹಾಕಿಸಿದೆ. ಪಾತ್ರೆಯ ಬಿಳಿ ಕಲೆ ಹೋಯಿತು, ನೈಟ್ರೇಟ್ ಒಂದು ಚೂರೂ ಇಳಿಯಲಿಲ್ಲ. ಕುಡಿಯೋಕೆ ಆರ್‌ಓ, ಅದು ಇನ್ನೊಂದು 14 ಸಾವಿರ.

ಕಲ್ಲಿನ ಮಾತು ಪೂರ್ತಿ ಸುಳ್ಳಲ್ಲ. ಆಸ್ಟ್ರೇಲಿಯಾದ ನಡುಭಾಗದ ಒಣ ಸೀಮೆಯಲ್ಲಿ ಗೊಬ್ಬರ ಕಾಣದ ನೆಲದ ಕೆಳಗೂ ನೈಟ್ರೇಟ್ ಜಾಸ್ತಿ ಇದೆ. ಅಲ್ಲಿ ಗೆದ್ದಲ ಹುತ್ತದಲ್ಲೂ ಮಣ್ಣಿನ ಮೇಲಿನ ಪಾಚಿ ಪದರದಲ್ಲೂ ಗಾಳಿಯ ಸಾರಜನಕ ಸೇರಿಕೊಂಡು ನೈಟ್ರೇಟಾಗಿ ಕೆಳಗಿಳಿಯುತ್ತದೆ. ಸುಣ್ಣಕಲ್ಲು ಇದ್ದ ಕಡೆ ಅದರ ಬಿರುಕು ದಾರಿ ಕೊಡುತ್ತದೆ, ಅಷ್ಟೇ. ನಾನೂ ನಮ್ಮ ಹೊಲದ ಹುತ್ತದ ಮಣ್ಣು ಒಂದು ಹಿಡಿ ತಂದು ಮಳೆ ನೀರಿನಲ್ಲಿ ಒಂದು ರಾತ್ರಿ ನೆನೆಸಿ ಸ್ಟ್ರಿಪ್ (ನೈಟ್ರೇಟ್ ಇದ್ದಷ್ಟೂ ಬಣ್ಣ ಗಾಢವಾಗೋ ಪರೀಕ್ಷೆ ಪಟ್ಟಿ) ಅದ್ದಿದೆ. ತೆಳು ಗುಲಾಬಿ. ತಿಪ್ಪೆ ಪಕ್ಕದ ಮಣ್ಣಿಗೆ ಅದ್ದಿದೆ ನೋಡಿ, ಬೀಟ್ರೂಟ್ ಬಣ್ಣ!

ಒಂದೇ ಸಾಲಿನಲ್ಲಿ ನಮ್ಮವು ಮೂರು ಬೋರ್. ತೋಟದ ಎರಡರಲ್ಲೂ 20ರ ಆಸುಪಾಸು, ಮನೆಯದರಲ್ಲಿ ಮಾತ್ರ 105. ಕಲ್ಲು ಒಂದೇ ಅಲ್ವಾ? ಮಳೆ ಬಿದ್ದು ಹತ್ತು ದಿನಕ್ಕೆ ಮನೆಯದು ಇನ್ನೂ ಏರುತ್ತಿತ್ತು.

ಅಪ್ಪನ ಕಾಲದ ತಿಪ್ಪೆ ಬೋರಿಗೆ 25 ಅಡಿಯಲ್ಲಿತ್ತು. ಅದನ್ನು ಇಳಿಜಾರಿನ ಆಚೆ 200 ಅಡಿ ದೂರಕ್ಕೆ ಸಾಗಿಸಿ, ಕೆಳಗೆ ಚಪ್ಪಡಿ ಹಾಸಿದೆ. ಗಂಜಲಕ್ಕೆ ತೊಟ್ಟಿ ಕಟ್ಟಿಸಿದೆ. ಮೇಲಿನ ನೀರು ಒಳಗಿಳಿಯದ ಹಾಗೆ ಕೇಸಿಂಗ್ (ಬೋರಿನ ಹೊರ ಕೊಳವೆ) ಸುತ್ತ ಹತ್ತಡಿ ಅಗೆಸಿ ಬರೀ ಸಿಮೆಂಟ್ ತುಂಬಿಸಿದ್ದು ಬೇಸಿಗೆಗೆ ಬಿರುಕು ಬಿಟ್ಟಿತು. ಎರಡನೇ ಸಲ ಜೇಡಿಮಣ್ಣು ಬೆರೆಸಿದ್ದು ನಿಂತಿತು. ಜೆಸಿಬಿ, ಕೂಲಿ ಎಲ್ಲ ಸೇರಿ 28 ಸಾವಿರ ಆಗಿರಬೇಕು.

ಮೊದಲ ಮಳೆಗಾಲದಲ್ಲಿ 120ಕ್ಕೆ ಏರಿತು. ಊರವರು ನಕ್ಕರು. ನನಗೂ ಎರಡು ದಿನ ಊಟ ಸೇರಲಿಲ್ಲ. ನೆಲದಲ್ಲಿ ಉಳಿದಿದ್ದ ಹಳೇ ಗಂಜಲ ಇಳಿಯುತ್ತಿದೆ ಎಂದು ಆಮೇಲೆ ಹೊಳೆಯಿತು. ತಿಪ್ಪೆ ಜಾಗದ ಮಣ್ಣನ್ನು ಐದಡಿ ಆಳಕ್ಕೆ ತೆಗೆಸಿ ತೆಂಗಿನ ಬುಡಕ್ಕೆ ಹಾಕಿದೆ. ಆ ವರ್ಷ ಯೂರಿಯಾ ಕೊಳ್ಳಲೇ ಇಲ್ಲ, ಕಾಯಿ ಕಮ್ಮಿಯಾಗಲಿಲ್ಲ. ಮುಂದಿನ ಮಳೆಗೆ 70, ಈಗ 38.

ಅತಿ ಜಾಸ್ತಿ ನಕ್ಕಿದ್ದ ಚಿಕ್ಕಪ್ಪನ ಬೋರಿನದು ಮೊನ್ನೆ 88 ಬಂತು. ಸೋಮವಾರ ಅವರ ತಿಪ್ಪೆ ಎತ್ತಿಸುತ್ತಿದ್ದೇವೆ.