ಮಂಜೂರಿ ಪತ್ರ ಬಂತು, ಇನ್ನು ಯಾರ್ಯಾರಿಗೆ ಹೇಳ್ಬೇಕು?

ಮಹಾರಾಷ್ಟ್ರ ಸರ್ಕಾರ ತಿಂಗಳು ತಿಂಗಳು ದುಡ್ಡು ಕೊಡೋ ಸಂಜಯ್ ಗಾಂಧಿ ನಿರಾಧಾರ್ ಯೋಜನೆಯ ಮಂಜೂರಿ ಪತ್ರ ಕೈಗೆ ಸಿಕ್ಕ ಕೂಡ್ಲೇ ಮುಂಬೈಯ ನಮ್ಮ ಕನ್ನಡದವರು ಅದನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ದೇವರ ಫೋಟೋ ಹಿಂದೆ ಇಟ್ಟು, ಊರಿಗೆ ಫೋನ್ ಮಾಡಿ 'ಅಂತೂ ಪಾಸಾಯ್ತು ಮಾರಾಯ್ರೆ' ಅಂತ ಹೇಳ್ತಾರೆ. ಹೇಳ್ಲಿ, ಖುಷಿ ವಿಷಯನೇ. ಆದ್ರೆ ಹೇಳ್ಲೇಬೇಕಾದವರ ಪಟ್ಟಿ ಬೇರೆನೇ ಇದೆ. ಮುಂಬೈಯಲ್ಲಿ ತಹಸೀಲ್ ಆಫೀಸಿಗೆ ಗೊತ್ತಿರೋದು ರೇಷನಿಂಗ್ ಆಫೀಸಿಗೆ ಗೊತ್ತಿರಲ್ಲ, ರೇಷನಿಂಗ್ ಆಫೀಸಿಗೆ ಗೊತ್ತಿರೋದು ರೈಲ್ವೆಗೆ ಗೊತ್ತಿರಲ್ಲ, ಕೊಡೋ ವಿಷಯ ಬಂದ್ರೆ ಯಾರೂ ಯಾರ ಹತ್ರನೂ ಮಾತಾಡಲ್ಲ, ಕಟ್ ಮಾಡೋ ವಿಷಯ ಬಂದ್ರೆ ಮಾತ್ರ ಎಲ್ಲಾ ಕಂಪ್ಯೂಟರುಗಳೂ ಆಧಾರ್ ನಂಬರ್ ಹಿಡ್ಕೊಂಡು ಚೆನ್ನಾಗಿ ಮಾತಾಡ್ಕೊಳ್ತವೆ. ಅದಕ್ಕೇ ನಾವಾಗಿ ಹೋಗಿ ಹೇಳೋದು ಒಳ್ಳೇದು.

ಗೊತ್ತಿಲ್ಲದವರಿಗೆ ಒಂದು ಮಾತು. 40 ಪರ್ಸೆಂಟ್ ಅಥವಾ ಮೇಲೆ ಅಂಗವೈಕಲ್ಯ, ಮನೆ ಆದಾಯ ವರ್ಷಕ್ಕೆ 50,000 ರೂಪಾಯಿ ಒಳಗೆ, ಮಹಾರಾಷ್ಟ್ರದಲ್ಲಿ 15 ವರ್ಷದ ವಾಸ, ಇಷ್ಟಿದ್ದವರಿಗೆ ಈ ಯೋಜನೆ. ತಿಂಗಳಿಗೆ 1500 ಇದ್ದದ್ದು 2025ರಲ್ಲಿ ದಿವ್ಯಾಂಗರಿಗೆ 2500 ಆಯ್ತು. ಡೊಂಬಿವ್ಲಿ, ಭಾಂಡುಪ್, ಸಾಯನ್ ಕಡೆ ಹೋಟೆಲಲ್ಲಿ, ಕಾರ್ಖಾನೆಯಲ್ಲಿ ದುಡಿದು ಕೈಕಾಲು ಕಳ್ಕೊಂಡ ನಮ್ಮ ಎಷ್ಟೋ ಜನಕ್ಕೆ ಇದು ಮನೆಯ ಗ್ಯಾಸು, ಕರೆಂಟ್ ಬಿಲ್ಲಿನ ದುಡ್ಡು.

ಮೊದ್ಲು ಬ್ಯಾಂಕು

ಈಗ ದುಡ್ಡು ಬರೋದು ಡಿಬಿಟಿ ಮೂಲಕ, ಅಂದ್ರೆ ಆಧಾರ್ ಯಾವ ಖಾತೆಗೆ ಸೀಡ್ ಆಗಿದೆಯೋ (ಸರ್ಕಾರದ ದುಡ್ಡು ಇಲ್ಲಿಗೇ ಬರ್ಲಿ ಅಂತ ಗುರುತಾಗಿದೆಯೋ) ಆ ಖಾತೆಗೆ. ಅರ್ಜಿಯಲ್ಲಿ ನೀವು ಯಾವ ಪಾಸ್‌ಬುಕ್ಕಿನ ಝೆರಾಕ್ಸ್ ಕೊಟ್ಟಿದ್ರಿ ಅನ್ನೋದನ್ನ ಅದು ಕೇಳಲ್ಲ. 'ನಮ್ದು ಆಧಾರ್ ಲಿಂಕ್ ಆಗಿದೆ' ಅಂತ ಎಲ್ರೂ ಹೇಳ್ತಾರೆ, ಲಿಂಕ್ ನಾಲ್ಕು ಖಾತೆಗೆ ಬೇಕಾದ್ರೂ ಇರ್ಬಹುದು, ಸೀಡಿಂಗ್ ಮಾತ್ರ ಒಂದೇ ಖಾತೆಗೆ, ಅದೂ ಕೊನೆಗೆ ಯಾವುದಕ್ಕೆ ಮಾಡಿಸಿದ್ರೋ ಅದಕ್ಕೆ.

ನಮ್ಮ ಚಾಳಿನ ಒಬ್ಬ ಅಕ್ಕಂಗೆ ಹೀಗೇ ಆಯ್ತು. ಮಂಜೂರಿ ಆಗಿ ಎಷ್ಟೋ ದಿನ ಆದ್ರೂ ಪಾಸ್‌ಬುಕ್ಕಲ್ಲಿ ಏನೂ ಇಲ್ಲ, ತಹಸೀಲಲ್ಲಿ ಕೇಳಿದ್ರೆ 'ದುಡ್ಡು ಹೋಗಿದೆ ಬಾಯಿ' ಅಂತಾರೆ. ಕೊನೆಗೆ ನೋಡಿದ್ರೆ ಯಾವತ್ತೋ ಮೊಬೈಲ್ ಅಂಗಡಿಯವನು ಸಿಮ್ ಜೊತೆ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆನೂ ಓಪನ್ ಮಾಡಿ ಹೆಬ್ಬೆಟ್ಟು ಒತ್ತಿಸ್ಕೊಂಡಿದ್ದ, ದುಡ್ಡೆಲ್ಲ ಹೋಗಿ ಅಲ್ಲಿ ಕೂತಿತ್ತು. ಅಕ್ಕಂಗೆ ಅಂಥದ್ದೊಂದು ಖಾತೆ ಇರೋದೇ ಗೊತ್ತಿರ್ಲಿಲ್ಲ.

ಅದಕ್ಕೇ ಪತ್ರ ಬಂದ ವಾರದಲ್ಲೇ ಆಧಾರ್ ವೆಬ್‌ಸೈಟಿಗೆ ಹೋಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ, ಓಟಿಪಿ ಬರೋಕೆ ಆಧಾರಲ್ಲಿ ನಿಮ್ಮ ಈಗಿನ ಮೊಬೈಲ್ ನಂಬರ್ ಇರ್ಬೇಕು. ಬೇರೆ ಬ್ಯಾಂಕ್ ಹೆಸ್ರು ತೋರಿಸಿದ್ರೆ ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ ಡಿಬಿಟಿ ಸೀಡಿಂಗ್ ಫಾರ್ಮ್ ಕೇಳಿ ತುಂಬಿಕೊಡಿ. ಕೌಂಟರಲ್ಲಿ 'ಆಧಾರ್ ಲಿಂಕ್ ಮಾಡಿ' ಅನ್ಬೇಡಿ, 'ಡಿಬಿಟಿ ಸೀಡಿಂಗ್ ಮಾಡಿ' ಅಂತನೇ ಹೇಳಿ. ಕೆವೈಸಿ ಹಳೇದಾಗಿದ್ರೆ ಅದನ್ನೂ ಅದೇ ದಿನ ಮುಗಿಸ್ಕೊಂಡು ಬನ್ನಿ. ಆಧಾರಲ್ಲಿ ಒಂದು ಹೆಸ್ರು, ಪಾಸ್‌ಬುಕ್ಕಲ್ಲಿ ಇನ್ನೊಂದು ಇದ್ರೆ (ನಮ್ಮವರ ಇನಿಶಿಯಲ್ಲು, ಮನೆತನದ ಹೆಸ್ರು, ಮರಾಠಿ ಗುಮಾಸ್ತರು ಬರ್ಕೊಂಡ ಸ್ಪೆಲ್ಲಿಂಗು, ಕೇಳೋದೇ ಬೇಡ) ಅದನ್ನೂ ಈಗ್ಲೇ ಸರಿ ಮಾಡಿಸಿ.

ಆಮೇಲೆ ತಹಸೀಲ್ ಆಫೀಸು

ಮಂಜೂರಿ ಕೊಟ್ಟವರಿಗೇ ಮತ್ತೇನು ಹೇಳೋದು ಅಂತ ಅನ್ಸುತ್ತೆ. ಹೇಳೋದಿದೆ. ಯುಡಿಐಡಿ (ಅಂಗವೈಕಲ್ಯದ ಗುರುತಿನ ಕಾರ್ಡು) ನಂಬರ್ ನಿಮ್ಮ ಫೈಲಲ್ಲಿ ಇದೆಯಾ ನೋಡಿ, ಹಳೇ ಕಾಗದದ ಸರ್ಟಿಫಿಕೇಟ್ ಮೇಲೆ ಮಂಜೂರಾದವರು ಕಾರ್ಡಿನ ಕಾಪಿ ಕೊಟ್ಬಿಡಿ. ಮೊಬೈಲ್ ನಂಬರ್ ಬದಲಾದ್ರೆ ಹೇಳಿ. ಮನೆ ಬದಲಾದ್ರೆ ಅಂತೂ ಹೇಳ್ಲೇಬೇಕು, ಬಾಡಿಗೆ ಮನೆಯವರು 11 ತಿಂಗಳಿಗೊಂದು ಮನೆ ಬದಲಾಯಿಸೋ ಊರಿದು. ಉಪನಗರ ಜಿಲ್ಲೆಯಲ್ಲಿ ಕುರ್ಲಾ, ಅಂಧೇರಿ, ಬೋರಿವಲಿ ಅಂತ ಮೂರು ತಾಲೂಕು, ಡೊಂಬಿವ್ಲಿ ಠಾಣೆ ಜಿಲ್ಲೆಯ ಕಲ್ಯಾಣ್ ತಾಲೂಕಿಗೆ ಬರುತ್ತೆ. ಘಾಟ್ಕೋಪರಿಂದ ಡೊಂಬಿವ್ಲಿಗೆ ಹೋದ್ರೆ ನಮಗೆ ಬರೀ ಲೋಕಲ್ ಟ್ರೈನಿನ ದೂರ, ಸರ್ಕಾರದ ಲೆಕ್ಕದಲ್ಲಿ ಜಿಲ್ಲೆನೇ ಬೇರೆ. ಹಳೇ ಆಫೀಸಿಗೂ ಹೊಸ ಆಫೀಸಿಗೂ ಎರಡೂ ಕಡೆ ಅರ್ಜಿ ಕೊಡಿ.

ಹಯಾತಿ ದಾಖಲೆ, ಅಂದ್ರೆ ನೀವು ಬದುಕಿದೀರಿ ಅನ್ನೋ ಪುರಾವೆ, ವರ್ಷಕ್ಕೊಂದ್ಸಲ ಕೊಡ್ಬೇಕು. ಯಾವ ತಿಂಗಳೊಳಗೆ, ಬ್ಯಾಂಕಲ್ಲೋ ತಹಸೀಲಲ್ಲೋ ಅನ್ನೋದನ್ನ ಮೊದಲ ಭೇಟಿಯಲ್ಲೇ ಕೇಳಿ ಮಂಜೂರಿ ಪತ್ರದ ಹಿಂದೆನೇ ಬರ್ದಿಟ್ಕೊಳ್ಳಿ. ಹಾಸಿಗೆ ಹಿಡಿದವರಿದ್ರೆ ಮನೆಯವರು ಮುಂಚೆನೇ ಹೋಗಿ ಲಿಖಿತವಾಗಿ ಹೇಳಿ, ಕೊನೇ ದಿನ ವ್ಹೀಲ್‌ಚೇರ್ ಹೊತ್ಕೊಂಡು ಎರಡನೇ ಮಹಡಿ ಹತ್ತೋ ಪಾಡು ಬೇಡ.

ಏನೇ ಕೊಟ್ರೂ ಎರಡು ಕಾಪಿ ಒಯ್ಯಿರಿ. ಒಂದು ಅವರಿಗೆ, ಇನ್ನೊಂದರ ಮೇಲೆ ಇನ್‌ವರ್ಡ್ ಕೌಂಟರಲ್ಲಿ ಶಿಕ್ಕಾ (ಸೀಲು), ತಾರೀಕು, ನಂಬರ್ ಹಾಕಿಸ್ಕೊಳ್ಳಿ. 'ಅದೆಲ್ಲ ಬೇಡ, ಇಟ್ಟು ಹೋಗಿ' ಅಂತಾರೆ. ನಗ್ತಾ ನಿಂತ್ಕೊಳ್ಳಿ, 'ಸಾಹೇಬ್, ಪೋಚ್ ದ್ಯಾ' (ಸ್ವೀಕೃತಿ ಕೊಡಿ) ಅನ್ನಿ, ಹಿಂದಿನವರು ಗೊಣಗಿದ್ರೂ ಪರವಾಗಿಲ್ಲ. ಮುಂದೆ ದುಡ್ಡು ನಿಂತಾಗ ನಿಮ್ಮ ಕೈಯಲ್ಲಿ ಇರೋ ಒಂದೇ ಪುರಾವೆ ಆ ಗುಂಡನೆ ಶಿಕ್ಕಾ.

ಬೇರೆ ಯೋಜನೆಯ ದುಡ್ಡು ಬರ್ತಿದ್ರೆ

ಇದನ್ನ ಹೇಳೋಕೆ ಯಾರಿಗೂ ಮನಸ್ಸಿರಲ್ಲ, ಅರ್ಥ ಆಗುತ್ತೆ. ಹೆಂಗಸರಿಗೆ ತಿಂಗಳಿಗೆ 1500 ಕೊಡೋ ಲಾಡ್ಕಿ ಬಹೀಣ್ ಯೋಜನೆ 2024ರ ಜುಲೈಯಿಂದ ಶುರುವಾದಾಗ ನಮ್ಮ ಹೆಂಗಸರು ಎಲ್ರೂ ಫಾರ್ಮ್ ತುಂಬಿದ್ರು. ಅದರ ನಿಯಮದಲ್ಲೇ ಇದೆ, ಬೇರೆ ಸರ್ಕಾರಿ ಯೋಜನೆಯಿಂದ ತಿಂಗಳಿಗೆ 1500 ಅಥವಾ ಜಾಸ್ತಿ ಬರ್ತಿದ್ರೆ ಇದು ಸಿಗಲ್ಲ. ನಿರಾಧಾರ್ ಮಂಜೂರಾದ ಮೇಲೆ ಎರಡೂ ಬರ್ತಿದ್ರೆ ಸುಮ್ನೆ ಕೂರ್ಬೇಡಿ, ಲಾಡ್ಕಿ ಬಹೀಣ್ ಬಿಡ್ತೀನಿ ಅಂತ ಮಹಿಳಾ ಮತ್ತು ಬಾಲ ವಿಕಾಸ ಇಲಾಖೆಯ ಆಫೀಸಿಗೆ ಬರ್ದುಕೊಡಿ. 2500 ಇಟ್ಕೊಂಡು 1500 ಬಿಡೋದು ಲೆಕ್ಕಕ್ಕೂ ಸರಿ.

ಹಾಗೇ ಊರಲ್ಲಿ ಕರ್ನಾಟಕದ ಅಂಗವಿಕಲ ವೇತನ ಇನ್ನೂ ಬರ್ತಿದೆಯಾ? ಅಣ್ಣನೋ ತಮ್ಮನೋ ಎಟಿಎಂ ಕಾರ್ಡ್ ಇಟ್ಕೊಂಡು ತೆಗೀತಿರ್ತಾನೆ, ಇಲ್ಲಿ ನಮಗೆ ನೆನಪೂ ಇರಲ್ಲ. ಎರಡು ರಾಜ್ಯದಲ್ಲಿ ತಗೊಳ್ಳೋ ಹಾಗಿಲ್ಲ, ಊರಿನ ನಾಡಕಚೇರಿಗೆ ಬರೆದು ನಿಲ್ಲಿಸಿ.

ರೇಷನಿಂಗ್ ಆಫೀಸು

ಇಲ್ಲಿ ಹೇಳಿದ್ರೆ ಲಾಭನೇ. ದಿವ್ಯಾಂಗರು ಯಜಮಾನರಾಗಿರೋ ಬಡ ಮನೆಗಳಿಗೆ ಅಂತ್ಯೋದಯದಲ್ಲಿ (ಕಡುಬಡವರ ರೇಷನ್ ಯೋಜನೆ) ಆದ್ಯತೆ ಇದೆ. ಅಂತ್ಯೋದಯದ ಹಳದಿ ಕಾರ್ಡಿಗೆ ಮನೆಗೆ ತಿಂಗಳಿಗೆ 35 ಕಿಲೋ ಧಾನ್ಯ, ಆದ್ಯತಾ ಕುಟುಂಬದ ಕಾರ್ಡಿಗೆ ತಲೆಗೆ 5 ಕಿಲೋ, ಇಬ್ಬರೇ ಇರೋ ಮನೆಗೆ ವ್ಯತ್ಯಾಸ ಎಷ್ಟಾಯ್ತು ನೋಡಿ. ಯುಡಿಐಡಿ, ಮಂಜೂರಿ ಪತ್ರ, ಆದಾಯದ ದಾಖಲೆ ಜೋಡಿಸಿ ಅರ್ಜಿ ಕೊಡಿ. ಜಾಗ ಖಾಲಿ ಇಲ್ಲ ಅನ್ನೋ ಉತ್ತರ ಬರ್ಬಹುದು, ಆದ್ರೂ ಇನ್‌ವರ್ಡ್ ಮಾಡಿಸಿಯೇ ಬನ್ನಿ. ಕಾರ್ಡು ಕರ್ನಾಟಕದ್ದೇ ಇದ್ದು ಇಲ್ಲಿ ಇರೋರಿಗೆ ಒಂದು ದೇಶ ಒಂದು ರೇಷನ್ ಕಾರ್ಡ್ ಪ್ರಕಾರ ಮುಂಬೈ ಅಂಗಡಿಯಲ್ಲೇ ಧಾನ್ಯ ಸಿಗುತ್ತೆ.

ಕೆಲಸದ ಕಡೆ

ನಿರಾಧಾರ್ ತಗೊಳ್ಳೋರಿಗೆ ಟ್ಯಾಕ್ಸ್ ಕಟ್ಟೋಷ್ಟು ಸಂಬಳ ಇರಲ್ಲ, ಆದ್ರೆ ಬರೀ ಯುಡಿಐಡಿ ಕಾರ್ಡ್ ಸಿಕ್ಕಿ ಕೆಲ್ಸ ಮಾಡ್ತಿರೋರೂ ಇದನ್ನ ಓದ್ತಿರ್ತೀರಿ. ಆಫೀಸಿನ ಅಕೌಂಟ್ಸಿನವರಿಗೆ ಹೇಳಿ. ಮಹಾರಾಷ್ಟ್ರದಲ್ಲಿ ಪ್ರೊಫೆಷನಲ್ ಟ್ಯಾಕ್ಸ್ ತಿಂಗಳಿಗೆ 200, ಫೆಬ್ರವರಿಯಲ್ಲಿ 300, ಒಟ್ಟು ವರ್ಷಕ್ಕೆ 2500 ಕಟ್ ಆಗುತ್ತೆ, 40 ಪರ್ಸೆಂಟ್ ಅಥವಾ ಮೇಲೆ ಕಾಯಂ ಅಂಗವೈಕಲ್ಯ ಇರೋರಿಗೆ ಅದು ಮಾಫಿ. ಇನ್‌ಕಮ್ ಟ್ಯಾಕ್ಸಲ್ಲಿ ಹಳೇ ರೆಜಿಮ್ ಹಿಡಿದವರಿಗೆ 80ಯು ಅಂತ ಕರೆಯೋ ಕಡಿತ 75,000, ಅಂಗವೈಕಲ್ಯ 80 ಪರ್ಸೆಂಟ್ ಅಥವಾ ಮೇಲಿದ್ರೆ 1,25,000. ನೀವು ಕಾಗದ ಕೊಡೋ ತನಕ ಅವರು ಕತ್ತರಿಸ್ತಾನೇ ಇರ್ತಾರೆ, ಅವರಿಗೆ ಕನಸು ಬೀಳಲ್ಲ.

ರೈಲು, ಬಸ್ಸು, ಓಟು

ರೈಲ್ವೆ ರಿಯಾಯಿತಿಗೆ ಯುಡಿಐಡಿ ಒಂದೇ ಸಾಲ್ದು. ರೈಲ್ವೆಯ ದಿವ್ಯಾಂಗ ಐಡಿ ಕಾರ್ಡ್ ಬೇರೆ ಇದೆ, ಅದಕ್ಕೆ ಆನ್‌ಲೈನ್ ಅರ್ಜಿ ಹಾಕ್ಬೇಕು, ಸರ್ಕಾರಿ ಆಸ್ಪತ್ರೆ ಡಾಕ್ಟರರ ರಿಯಾಯಿತಿ ಸರ್ಟಿಫಿಕೇಟ್ ಬೇಕು. ಎಲ್ಲಾ ವೈಕಲ್ಯಕ್ಕೂ ಸಿಗಲ್ಲ ಅನ್ನೋದು ಬೇಜಾರಿನ ವಿಷಯ, ಜೊತೆಗೊಬ್ಬರಿಲ್ಲದೆ ಓಡಾಡೋಕಾಗದ ಕೈಕಾಲಿನ ವೈಕಲ್ಯ, ಪೂರ್ತಿ ಕುರುಡು, ಬುದ್ಧಿ ವೈಕಲ್ಯ, ಮಾತು ಕಿವಿ ಎರಡೂ ಇಲ್ಲದಿರೋದು, ಇಷ್ಟಕ್ಕೇ ಮುಖ್ಯವಾಗಿ. ಊರಿಗೆ ಹೋಗೋವಾಗ ಸ್ಲೀಪರಲ್ಲಿ 75 ಪರ್ಸೆಂಟ್ ಕಮ್ಮಿ (ಮಾತು ಕಿವಿ ಎರಡೂ ಇಲ್ಲದವರಿಗೆ 50), ಲೋಕಲ್ ಪಾಸಲ್ಲಿ ಅರ್ಧ. ಎಸ್‌ಟಿ (ರಾಜ್ಯ ಸಾರಿಗೆ) ಬಸ್ಸಲ್ಲಿ 40 ಪರ್ಸೆಂಟ್ ಅಥವಾ ಮೇಲಿನವರಿಗೆ 75 ಪರ್ಸೆಂಟ್ ರಿಯಾಯಿತಿ. ಬೆಸ್ಟ್ (ಮುಂಬೈ ಸಿಟಿ ಬಸ್) ಪಾಸಿಗೆ ಹತ್ತಿರದ ಡಿಪೋದಲ್ಲಿ ವಿಚಾರ್ಸಿ.

ವೋಟರ್ ಲಿಸ್ಟಲ್ಲೂ ಗುರುತು ಹಾಕಿಸ್ಬಹುದು, ಫಾರ್ಮ್ 8 ಅಥವಾ ಚುನಾವಣಾ ಆಯೋಗದ ಸಕ್ಷಮ್ ಆ್ಯಪ್. ಐದು ನಿಮಿಷದ ಕೆಲಸ.

ಮನೆಯಲ್ಲಿ ಮಗುವಿನ ಹೆಸರಲ್ಲಿ ಬರ್ತಿದ್ರೆ

ಇದನ್ನ ಜನ ಮರೀತಾರೆ, ಆಮೇಲೆ ಒದ್ದಾಡ್ತಾರೆ. ಬುದ್ಧಿ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರೋ ಮಗುವಿಗೆ 18 ತುಂಬಿದ ದಿನದಿಂದ ಕಾನೂನಿನ ಪ್ರಕಾರ ಅಪ್ಪ ಅಮ್ಮ ತಾನಾಗೇ ಗಾರ್ಡಿಯನ್ ಅಲ್ಲ. ಮೈನರ್ ಖಾತೆ ಮೇಜರ್ ಆಗುತ್ತೆ, ಬ್ಯಾಂಕಿನವರು ಹುಡುಗನ ಸಹಿ ಕೇಳ್ತಾರೆ, ಸಹಿ ಮಾಡೋಕೆ ಬರಲ್ಲ, ದುಡ್ಡು ಖಾತೆಯಲ್ಲಿದ್ರೂ ತೆಗೆಯೋಕಾಗಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಕಲೆಕ್ಟರ್ ಇರೋ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಗಾರ್ಡಿಯನ್‌ಶಿಪ್ ಸರ್ಟಿಫಿಕೇಟ್ ತಗೊಳ್ಬೇಕು. 18 ತುಂಬೋಕೆ ಮುಂಚೆನೇ ಕಾಗದ ರೆಡಿ ಮಾಡಿ, ಸಿಕ್ಕಿದ ಮೇಲೆ ಬ್ಯಾಂಕಿಗೂ ತಹಸೀಲಿಗೂ ಒಂದೊಂದು ಕಾಪಿ. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ 1 ಲಕ್ಷದ್ದು, ಪ್ರತಿ ವರ್ಷ ರಿನ್ಯೂ ಮಾಡಿಸ್ಬೇಕು.

ಅಂಗವೈಕಲ್ಯದ ಸರ್ಟಿಫಿಕೇಟ್ ಟೆಂಪರರಿ ಇದ್ರೆ ಅದರ ಮೇಲೆ ಮುಗಿಯೋ ತಾರೀಕು ಇರುತ್ತೆ, ಅದಕ್ಕೂ ಎರಡು ಮೂರು ತಿಂಗಳು ಮುಂಚೆ ಮರುತಪಾಸಣೆಗೆ ಅರ್ಜಿ ಹಾಕಿ, ಹೊಸದು ಬಂದ ಕೂಡ್ಲೇ ತಹಸೀಲಿಗೆ ಕೊಡಿ.

ಯಾರಿಗೆ ಹೇಳ್ಬಾರ್ದು

'ನಿಮ್ಮ ಅನುದಾನ ಜಾಸ್ತಿ ಮಾಡಿಸ್ತೀವಿ, ಓಟಿಪಿ ಹೇಳಿ' ಅಂತ ಫೋನ್ ಮಾಡೋರಿಗೆ. ಪಾಸ್‌ಬುಕ್ಕು, ಎಟಿಎಂ ಕಾರ್ಡ್ 'ನಮ್ಮ ಹತ್ರನೇ ಇರ್ಲಿ ಕಾಕಾ' ಅನ್ನೋ ಏಜೆಂಟನಿಗೆ.

ಕೊನೇದು, ಬರೆಯೋಕೆ ಕಷ್ಟ. ಫಲಾನುಭವಿ ತೀರಿಹೋದ್ರೆ ಮನೆಯವರು ಡೆತ್ ಸರ್ಟಿಫಿಕೇಟ್ ಜೊತೆ ತಹಸೀಲಿಗೂ ಬ್ಯಾಂಕಿಗೂ ತಿಳಿಸ್ಬೇಕು. ಆಮೇಲೆ ಜಮಾ ಆದ ತಿಂಗಳ ದುಡ್ಡನ್ನ ಎಟಿಎಂನಿಂದ ತೆಗೀಬೇಡಿ, ವಸೂಲಿ ನೋಟಿಸ್ ಬರುತ್ತೆ. ಹೋದವರು ದುಡಿದು ಮನೆ ನಡೆಸ್ತಿದ್ದು, ವಯಸ್ಸು 18ರಿಂದ 59ರ ಒಳಗಿದ್ದು, ಮನೆ ಬಿಪಿಎಲ್ ಆಗಿದ್ರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ 20,000 ರೂಪಾಯಿ ಒಂದೇ ಸಲ ಸಿಗುತ್ತೆ, ಆ ಅರ್ಜಿಯನ್ನೂ ಅದೇ ತಹಸೀಲ್ ಆಫೀಸಲ್ಲಿ ಕೇಳಿ.